ಎಂಟಡಿ ಕಂಬ

ಭಾಜಿವಾಲಾ ತೂಗಿಕೊಟ್ಟ ಬದನೆಕಾಯಿಯನ್ನು ಅಂಬವ್ವ ಮನೆಗೆ ತಂದು ಮತ್ತೊಮ್ಮೆ ತೂಗುತ್ತಾಳೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಡಿಮೆ ಬಿದ್ದಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಂಶಯ. ಸಿಂದಗಿಯಿಂದ ಜೋಗೇಶ್ವರಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಹಪ್ಪಳ, ಸಂಡಿಗೆ ಮಾಡಿ ಮಾಟುಂಗ, ಮಲಾಡಿನ ಮನೆಗಳಿಗೆ ಕೊಟ್ಟು ಬದುಕುತ್ತಿದ್ದಾಳೆ. ಬಿಲ್ಡಿಂಗಿನ ಟೆರೇಸೇ ಅವಳ ಕಾರ್ಖಾನೆ. ಅದು ಕೈತಪ್ಪಿದರೆ ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲ.

ಹೀಗಿರುವಾಗ ಸೊಸೈಟಿಯವರು ಟೆರೇಸಿಗೆ ಸೋಲಾರ್ ಹಾಕಿಸುವ ಸುದ್ದಿ ಬಂತು. ಸೆಕ್ರೆಟರಿ ವೈಶಾಲಿ ಬೆಳಗಾವಿ ಕಡೆಯವಳು, ತಾನಾಗಿಯೇ ಬಂದು ಬಿಡಿಸಿ ಹೇಳಿದಳು.

"ಗಿಡ್ಡ ಸ್ಟ್ಯಾಂಡ್ ಹಾಕ್ಸೋಣ್ರೀ ಅಂಬಕ್ಕಾ. ಅರ್ಧಾ ಟೆರೇಸ್ ಪ್ಯಾನೆಲ್ಲಿಗೆ, ಅರ್ಧಾ ನಿಮಗ. ಎಂಟಡಿ ಕಂಬ ನಿಲ್ಸಿದ್ರ ಖರ್ಚು ಜಾಸ್ತಿ, ಆ ರೊಕ್ಕ ಗಿಟ್ಟಬೇಕಂತ ಟೆರೇಸ್ ತುಂಬ ಪ್ಯಾನೆಲ್ ಹಾಕ್ತಾರ."

"ಕಂಬದ ಕೆಳಗ ಜಾಗಾ ಪೂರಾ ಖುಲ್ಲಾ ಉಳೀತದೋ ಇಲ್ಲೋ?"

"ಉಳೀತದ್ರೀ, ಆದ್ರ..."

"ಆದ್ರ ಗೀದ್ರ ಬ್ಯಾಡವ್ವಾ. ಇವತ್ತ ಅರ್ಧಾ ಅಂತೀರಿ, ನಾಳೆ ಪೂರಾ ನುಂಗ್ತೀರಿ. ನಾ ಏನ್ ಕೂಸಲ್ಲ."

ಆ ದಿನದಿಂದ ಅಂಬವ್ವನಿಗೆ ನಿದ್ದೆಯಿಲ್ಲ. ವೈಶಾಲಿ ಇಷ್ಟು ನಯವಾಗಿ ಮಾತಾಡಿದ್ದೇ ಮಸಲತ್ತಿನ ಗುರುತು ಎಂದುಕೊಂಡಳು. ಮನೆಮನೆಯ ಬೆಲ್ ಒತ್ತಿ, ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಎಲ್ಲರಿಗೂ ಜಾಗವಾಗುತ್ತದೆಂದು ಹೇಳಿ, ಮೀಟಿಂಗಿನಲ್ಲಿ ಕಂಬದ ಪರವಾಗಿ ಕೈ ಎತ್ತಿಸಿದಳು. ವೈಶಾಲಿ ಸೋತಳು. ಕೆಲಸ ನಡೆದಷ್ಟು ದಿನವೂ ಅಂಬವ್ವ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಂತ್ರಾಟಿನ ಅಮೋಲ್ ಕೊಟ್ಟ ಚಹಾ ಮುಟ್ಟಲಿಲ್ಲ. ನೂಲು ಹಿಡಿದು ಪ್ರತಿ ಕಂಬದ ಎತ್ತರ ಅಳೆದಳು. ಪೈಪಿಗೆ ಅಯಸ್ಕಾಂತ ತಾಗಿಸಿ, ಅದು ಕಬ್ಬಿಣವೇ ಹೌದೆಂದು ಖಾತ್ರಿ ಮಾಡಿಕೊಂಡಳು. ಎಲ್ಲವೂ ಸರಿಯಾಗಿತ್ತು. ಒಂದಿಂಚೂ ಮೋಸವಿರಲಿಲ್ಲ.

ಪ್ಯಾನೆಲ್ ಕೂರಿಸಿ ಮುಗಿದ ಮರುದಿನ ಬೆಳಿಗ್ಗೆ ಟೆರೇಸಿನ ತುಂಬ ಚಾದರ ಹಾಸಿ ಸಂಡಿಗೆ ಇಟ್ಟು ಬಂದಳು. ಗೆದ್ದವಳ ಗತ್ತು ನೋಡಬೇಕಿತ್ತು. ಮಧ್ಯಾಹ್ನ ಮಗುಚಿ ಹಾಕಲು ಹೋದರೆ ಸಂಡಿಗೆ ಬೆರಳಿಗೆ ಅಂಟಿತು. ತಲೆಯೆತ್ತಿ ನೋಡಿದಳು. ಈ ಮೂಲೆಯಿಂದ ಆ ಮೂಲೆಯವರೆಗೆ ತಣ್ಣನೆಯ ನೆರಳು. ಗಿಡ್ಡ ಸ್ಟ್ಯಾಂಡಾಗಿದ್ದರೆ ಅರ್ಧ ಟೆರೇಸಿನ ಬಿಸಿಲಾದರೂ ಅವಳದಾಗಿರುತ್ತಿತ್ತು. ಅಂಬವ್ವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಅಷ್ಟರಲ್ಲಿ ಮೆಟ್ಟಿಲೇರಿ ಬಂದ ವೈಶಾಲಿ ಬಾಗಿಲಲ್ಲೇ ನಿಂತು ಕೇಳಿದಳು.

"ಒಣಗ್ಯಾವೇನ್ರೀ ಅಂಬಕ್ಕಾ?"

ಅಂಬವ್ವ ಹಸಿ ಸಂಡಿಗೆಯ ಮೇಲೆ ಸೆರಗು ಹರಡಿದಳು.

"ಹೂಂ, ಗರಿಗರಿ ಒಣಗ್ಯಾವ."

"ಸದ್ಯ! ನಾ ಅಂಜಿದ್ದೆ ನೋಡ್ರಿ," ಎಂದು ವೈಶಾಲಿ ನಿಜವಾಗಿಯೂ ಖುಷಿಪಟ್ಟು ಕೆಳಗಿಳಿದಳು.