ಹುಳದ ಮನೆಯ ಬಾಗಿಲು

ಬಸವಲಿಂಗಮ್ಮ ಮಾತಿಗೆ ಬರಗೆಟ್ಟ ಹೆಂಗಸು. ಹುಟ್ಟಿದ್ದು ಕುದೂರು, ಕೊಟ್ಟಿದ್ದು ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯ ಒಂದು ಊರಿಗೆ. ಗಂಡ ರುದ್ರಯ್ಯ ತೀರಿಕೊಂಡ ಮೇಲೆ ಮೈದುನ ಪ್ರಭುಲಿಂಗ ತೋಟದ ಬದುವಿಗಾಗಿ ಕೋರ್ಟಿಗೆ ಹೋದ. ಎರಡು ಮನೆಗೂ ಒಂದೇ ಗೋಡೆ, ಮಾತು ಮಾತ್ರ ಇಲ್ಲ. ಮಕ್ಕಳಾಗಲಿಲ್ಲ. ಉಳಿದದ್ದು ಹಿಪ್ಪುನೇರಳೆ ತೋಟ, ರೇಷ್ಮೆಹುಳ, ತಾನು. ಸೊಪ್ಪು ಹಾಕುವಾಗ ಹುಳಗಳನ್ನೇ ಬಯ್ಯುತ್ತಿದ್ದಳು, ಬಯ್ಯುವುದಕ್ಕೂ ಇನ್ನೊಬ್ಬರಿರಲಿಲ್ಲ.

ಹತ್ತಿರದಲ್ಲಿ ಖಾಸಗಿ ವಿಶ್ವವಿದ್ಯಾಲಯ ಎದ್ದ ಮೇಲೆ ಊರಿನವರೆಲ್ಲ ತಾರಸಿಯ ಮೇಲೊಂದು ರೂಮು ಎತ್ತಿಸಿದರು, ಇವಳೂ ಎತ್ತಿಸಿದಳು. ವಿಶ್ವವಿದ್ಯಾಲಯದವರು ದೇಶದೇಶಕ್ಕೆ ಏಜೆಂಟರನ್ನು ಅಟ್ಟಿ ಮಕ್ಕಳನ್ನು ಹಿಡಿದು ತಂದರು. ತಂದ ಮೇಲೆ ಆ ಮಕ್ಕಳು ಉಂಡವೋ ಅತ್ತವೋ ಕೇಳುವ ಕೆಲಸ ಯಾರದೂ ಅಲ್ಲ. ಊರಿನವರಂತೂ ಬಾಡಿಗೆ ಇಸಿದುಕೊಳ್ಳುವಾಗ ಹಲ್ಲು ಬಿಡುತ್ತಿದ್ದರು, ಬೀದಿಯಲ್ಲಿ ಕಂಡರೆ ‘ಆಫ್ರಿಕಾ ಬಂತು’ ಅನ್ನುತ್ತಿದ್ದರು.

ಬಸವಲಿಂಗಮ್ಮನ ರೂಮಿಗೆ ಬಂದವಳು ಚಿಸೋಮೊ. ಮಲಾವಿ ದೇಶದವಳು, ಫಾರ್ಮಸಿ ಓದುತ್ತಿದ್ದಳು. ಮೊದಮೊದಲು ಮೆಟ್ಟಿಲು ಇಳಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಸಂಜೆ ಕರೆಂಟು ಹೋಗಿ, ಹುಡುಗಿ ಕೆಳಗೆ ಬಂದು ಜಗಲಿಯ ಮೇಲೆ ಕೂತಳು. ಬಸವಲಿಂಗಮ್ಮ ಮುದ್ದೆ ತೊಳಸುತ್ತಿದ್ದಳು. ಚಿಸೋಮೊ ಕೋಲು ಕಿತ್ತುಕೊಂಡು ತಾನೇ ತೊಳಸಿದಳು. ಅವರ ಕಡೆ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದೇ ಮುದ್ದೆ ಮಾಡುತ್ತಾರಂತೆ, ಅಜ್ಜಿ ಕಲಿಸಿದ್ದಂತೆ. ಗಂಟಿಲ್ಲದ ಮುದ್ದೆ ನೋಡಿ ಬಸವಲಿಂಗಮ್ಮ, “ನಮ್ಮೂರ್ ಸೊಸೇರಿಗೇ ಬರಲ್ಲ, ನೀನ್ ಯಾವೂರೋಳೇ?” ಅಂದಳು. ಅವತ್ತಿನಿಂದ ಸಂಜೆ ಎರಡು ತಟ್ಟೆ. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಇಬ್ಬರೂ ತಲೆಕೆಡಿಸಿಕೊಳ್ಳಲಿಲ್ಲ.

ಕೆಟ್ಟದ್ದು ಹುಳದ ಮನೆಯ ಬಾಗಿಲಲ್ಲಿ.

ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಒಳಗೆ ನಿಂತರೆ ಸೋನೆ ಮಳೆ ಹುಯ್ದ ಹಾಗೆ ಸದ್ದು. ಆಗ ಹೊರಗಿನವರನ್ನು ಹೊಸ್ತಿಲು ದಾಟಿಸುವುದಿಲ್ಲ. ಸೆಂಟು, ಗಮಗುಡುವ ಎಣ್ಣೆ, ಸೊಳ್ಳೆಬತ್ತಿ, ಯಾವುದರ ಗಾಳಿ ಬಡಿದರೂ ಹುಳ ಬಾಯಿ ಕಟ್ಟಿ ಸಾಯುತ್ತದೆ. ರೇಷ್ಮೆ ಸಾಕುವ ಮನೆಯ ಕೂಸಿಗೂ ಇದು ಗೊತ್ತು. ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಬಸವಲಿಂಗಮ್ಮನಿಗೂ ಹೊಳೆದಿರಲಿಲ್ಲ.

ಆ ಬೆಳಿಗ್ಗೆ ಚಿಸೋಮೊ ಸ್ನಾನ ಮಾಡಿ, ಮೈಗೆ ತೆಂಗಿನ ವಾಸನೆಯ ಕ್ರೀಮು ಹಚ್ಚಿಕೊಂಡು, ಫೋನು ಹಿಡಿದು ಸೀದಾ ಹುಳದ ಮನೆಯ ಬಾಗಿಲಿಗೆ ಓಡಿ ಬಂದಳು. ಬಸವಲಿಂಗಮ್ಮ ಮುಖ ನೋಡಲಿಲ್ಲ. ವಾಸನೆ ಬಡಿಯಿತು. ಒಂದು ಕೈಯಲ್ಲಿ ಸೆರಗು ಎಳೆದು ಮೂಗು ಮುಚ್ಚಿದಳು, ಇನ್ನೊಂದು ಕೈಯಲ್ಲಿ ನಾಯಿ ಅಟ್ಟುವ ಹಾಗೆ ‘ಹೋಗು ಹೋಗು’ ಅಂದು ಬೀಸಿದಳು. ಹುಡುಗಿ ಹೋದಳು.

ಸಂಜೆ ಕೆಳಗಿಳಿಯಲಿಲ್ಲ. ಬಸವಲಿಂಗಮ್ಮ ಮೆಟ್ಟಿಲ ಮೇಲಿಟ್ಟ ತಟ್ಟೆಯ ಮುದ್ದೆ ಒಣಗಿ ಬಿರುಕು ಬಿಟ್ಟಿತು. ಮಾರನೆಯ ದಿನವೂ ಅಷ್ಟೇ. ಕಾಲೇಜಿಗೂ ಹೋದಂತಿಲ್ಲ. ಬಾಗಿಲು ಬಡಿದರೆ ಒಳಗೆ ಮಂಚ ಕಿರುಗುಟ್ಟಿತು, ಚಿಲಕ ತೆಗೆಯಲಿಲ್ಲ. ಪರೀಕ್ಷೆ ಇರಬೇಕು ಅಂದುಕೊಂಡಳು. ಹುಳದ ಹಸಿವಿನ ಮುಂದೆ ಬೇರೆ ಯೋಚನೆಗೆ ಪುರಸೊತ್ತೂ ಇರಲಿಲ್ಲ.

ಆಮೇಲೊಂದು ದಿನ ಲಗೇಜ್ ಆಟೋ ಬಂತು. ಇಳಿದವಳು ಚಿಸೋಮೊಳ ದೇಶದವಳೇ ಆದ ತಮಾಂದಾ. ಕನಕಪುರದಲ್ಲಿ ವರ್ಷಗಟ್ಟಲೆ ಇದ್ದು ಸಂತೆ ಕನ್ನಡ ಕಲಿತಿದ್ದಳು. ಮೇಲಿನ ರೂಮಿನಿಂದ ಚಿಸೋಮೊಳ ಸಾಮಾನು ಇಳಿಸುತ್ತಲೇ ಅವಳು ಹೇಳಿದಳು:

“ಅವತ್ತು ಇವಳ ಅಜ್ಜಿ ಸತ್ತೋದ್ರು ಆಂಟಿ. ಹೇಳಕ್ಕೆ ನಿಮ್ಮತ್ರ ಬಂದ್ಳು. ನೀವು ಮೂಗು ಮುಚ್ಕೊಂಡ್ರಿ.”

ಮುದ್ದೆ ತೊಳಸಲು ಕಲಿಸಿದ ಅಜ್ಜಿ. ಬಸವಲಿಂಗಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

“ಅಯ್ಯೋ ನಮ್ಮವ್ವ, ಅದು ಹುಳಕ್ಕೆ ಕಣೆ. ಆ ಕ್ರೀಮಿನ ಗಮ ಹುಳಕ್ಕಾಗಲ್ಲ. ನಮ್ ಪ್ರಭುಲಿಂಗ ಸೆಂಟ್ ಹಾಕ್ಕಂಡ್ ಬಂದ್ರೂ ಅಟ್ತೀನಿ. ಅವ್ನು ಸೆಂಟಿಲ್ದೆ ಬಂದ್ರೂ ಅಟ್ತೀನಿ.”

ತಮಾಂದಾ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಹೇಳಿದಳು. ಚಿಸೋಮೊ ಸೂಟ್‌ಕೇಸ್ ಹಿಡಿದೇ ಕೇಳಿಸಿಕೊಂಡಳು. ನಂಬಿದಳು, ಅದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಬಸವಲಿಂಗಮ್ಮನೇ ಕಲಿಸಿದ್ದ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

“ಬಸ್ಸಲ್ಲಿ ಹುಳ ಇಲ್ಲ ಆಂಟಿ. ಅಲ್ಲೂ ಮೂಗು ಮುಚ್ತಾರೆ.”

ಬಸವಲಿಂಗಮ್ಮ ಸೂಟ್‌ಕೇಸಿಗೆ ಕೈ ಹಾಕಿದಳು. ಹುಳ ಹಣ್ಣಾಗಿ ಗೂಡು ಕಟ್ಟೋವರೆಗೆ ಇರು, ಆಮೇಲೆ ನಾನೇ ನಿನ್ ಕೈ ಹಿಡ್ಕಂಡು ಒಳಕ್ಕೆ ಕರ್ಕೊಂಡೋಗ್ತೀನಿ ಎಂದು ಬೇಡಿದಳು. ಹುಡುಗಿ ಒಲ್ಲೆನೆಂದು ತಲೆಯಾಡಿಸಿದಳು. ತಮಾಂದಾಳ ರೂಮಿನಲ್ಲಿ ತನ್ನ ಭಾಷೆಯಲ್ಲಿ ಅಳಬಹುದು, ಅಷ್ಟೇ ಬೇಕಿತ್ತು ಅವಳಿಗೆ. ಆಟೋ ತಿರುಗಿತು. ಬಸವಲಿಂಗಮ್ಮ ಕಾಲು ತೊಳೆದು ಹುಳದ ಮನೆಗೆ ಹೋದಳು, ಸೊಪ್ಪಿನ ಹೊತ್ತು ಮೀರಿತ್ತು. ಆ ಸಲ ಹುಳಗಳನ್ನು ಬಯ್ಯಲಿಲ್ಲ.

ಗೂಡು ಬಿಡಿಸಿದ ಮೇಲೆ ರಾಮನಗರದ ಮಾರ್ಕೆಟ್ಟಿಗೆಂದು ಮೂಟೆಗಳನ್ನು ಟೆಂಪೋಗೆ ಹಾಕಿ, ಕಲೆಬಿದ್ದು ಕೊಳೆತ ಕೊಸರು ಗೂಡಿನ ಚೀಲ ಹೊತ್ತು ತಾನು ಬಸ್ಸು ಹತ್ತಿದಳು. ಜನ ಜೋತುಬಿದ್ದು ನಿಂತಿದ್ದರು. ನಡುವೆ ಮೂವರು ಕೂರುವ ಸೀಟಿನಲ್ಲಿ, ಕಿಟಕಿಯ ಪಕ್ಕ, ಕನಕಪುರದಿಂದ ಬಂದ ಚಿಸೋಮೊ ಒಬ್ಬಳೇ. ಎರಡು ಜಾಗ ಖಾಲಿ. ಅದರ ಪಕ್ಕದಲ್ಲೇ ಊರಿನ ಡೇರಿ ಕಾರ್ಯದರ್ಶಿ ರಾಮಲಿಂಗಯ್ಯ ಕಂಬಿ ಹಿಡಿದು ಓಲಾಡುತ್ತಿದ್ದ.

ಬಸವಲಿಂಗಮ್ಮ ಹೋಗಿ ಅವಳಿಗೆ ಒತ್ತಿ ಕೂತಳು. ಮೂರನೇ ಜಾಗ ಹಾಗೇ ಖಾಲಿ ಉಳಿಯಿತು. ಚೀಲದ ಗೂಡು ಗಬ್ಬು ನಾರುತ್ತಿತ್ತು. ಬಸ್ಸಿನಲ್ಲಿ ಯಾರೂ ಮೂಗು ಮುಚ್ಚಲಿಲ್ಲ. ಚಿಸೋಮೊ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಹಾಗೇ ನೋಡುತ್ತಲೇ, “ಹುಳ ಚೆನ್ನಾಗಾಯ್ತಾ?” ಎಂದು ಕೇಳಿದಳು.

“ಆಯ್ತು.”

ಕಾಲೇಜಿನ ಗೇಟಿನಲ್ಲಿ ಹುಡುಗಿ ಇಳಿದಳು, ತಿರುಗಿ ನೋಡಲಿಲ್ಲ. ಬಸ್ಸು ಹೊರಡುವ ಮೊದಲೇ ರಾಮಲಿಂಗಯ್ಯ ಸೀಟಿಗೆ ಬಗ್ಗಿದ. ಬಸವಲಿಂಗಮ್ಮ ಕಿಟಕಿಗೆ ಸರಿದು, ನಾರುವ ಚೀಲವನ್ನು ಖಾಲಿ ಜಾಗಕ್ಕೆ ಅಡ್ಡ ಮಲಗಿಸಿದಳು.

“ಇಷ್ಟೊತ್ತು ಖಾಲಿ ಇತ್ತಲ್ಲ, ಆಗ ನೀನ್ ನಿಂತೇ ಇದ್ದೆ. ಈಗ್ಲೂ ನಿಂತ್ಕೊ.”