ಡಾರ್ಕಸ್‌ಳ ಅಕ್ರೋಟು ಉಪ್ಪಿನಕಾಯಿ

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಅಣ್ಣ ಗೈಲ್ಸನ ಮನೆಯಲ್ಲಿ ಹಗಲೆಲ್ಲ ಮಕ್ಕಳ ಕಾಲುಚೀಲ ಹೊಲಿದು ಸೋತುಹೋಗುತ್ತಿದ್ದ ಡಾರ್ಕಸ್, ಕೋಳಿ ಕೂಗುವ ಮೊದಲೇ ಎದ್ದು ಕದ್ದು ಪ್ರೇಮಕಾದಂಬರಿ ಬರೆಯುತ್ತಿದ್ದಳು. ಬರೆಯುವ ಹೆಂಗಸಿಗೆ ತನ್ನ ಸೂರಿನಡಿ ಜಾಗವಿಲ್ಲ ಎಂದು ಅಣ್ಣ ಹೇಳಿಬಿಟ್ಟಿದ್ದ. ಅದಕ್ಕೇ ಬೆರಳಿನ ಶಾಯಿ ಕಂಡರೆ ಉಪ್ಪಿನಕಾಯಿಗೆ ಹೆಚ್ಚುವಾಗ ಕೈ ಕಪ್ಪಾಗಿಸುವ ಹಸಿ ಅಕ್ರೋಟಿನ ಸಿಪ್ಪೆಯ ಕಲೆ ಎನ್ನುತ್ತಿದ್ದಳು. ಆ ಸುಳ್ಳಿಗಾಗಿ ಹಾಕಿದ ಉಪ್ಪಿನಕಾಯಿ ಎಷ್ಟಿತ್ತೆಂದರೆ, ಜಾಡಿಗಳನ್ನು ಕಡಲತೀರದಲ್ಲಿ ಗೋಡೆಯಂತೆ ಪೇರಿಸಿದ್ದರೆ ದಾಳಿಗೆ ಬಂದ ಫ್ರೆಂಚರ ದಂಡೇ ಹಿಂದಕ್ಕೆ ಹೋಗುತ್ತಿತ್ತು.

ಮಾರ್ಚ್ ತಿಂಗಳ ಒಂದು ಊಟದಲ್ಲಿ ಅಣ್ಣ ಕಲೆಯಾದ ಅವಳ ಕೈ ಹಿಡಿದ. "ಮರದಲ್ಲಿ ಇನ್ನೂ ಎಲೇನೇ ಬಂದಿಲ್ಲ. ಇದ್ಯಾವ ಅಕ್ರೋಟಮ್ಮ?"

ಇನ್ನೊಂದು ಸುಳ್ಳು ಹುಡುಕುವ ತ್ರಾಣ ಅವಳಿಗಿರಲಿಲ್ಲ. ಊಟಕ್ಕೆ ಬಂದಿದ್ದ ಇನ್ನೂ ಮದುವೆಯಾಗದ ಪಾದ್ರಿ ಲಡ್ಲೋ ಕೆಮ್ಮಿದರು. "ತಪ್ಪು ನಂದು, ಗೈಲ್ಸ್ ಅವರೇ. ನನಗೆ ಕಣ್ಣು ಮಂಜು. ನನ್ನ ಭಾನುವಾರದ ಪ್ರವಚನಾನ ನಿಮ್ಮ ತಂಗಿ ನಕಲು ಮಾಡಿಕೊಡ್ತಾರೆ."

"ದೇವರ ಕೆಲಸಾನ ಯಾರಾದ್ರೂ ಕದ್ದು ಮಾಡ್ತಾರಾ? ನಾಳೆಯಿಂದ ಹಗಲಲ್ಲೇ ನನ್ನ ಮೇಜಿನ ಹತ್ರ ಕೂತು ಬರಿ," ಎಂದ ಅಣ್ಣ.

ಪಾದ್ರಿಯನ್ನು ಬಾಗಿಲವರೆಗೆ ಬಿಡಲು ಬಂದ ಡಾರ್ಕಸ್ ಸುಸ್ತಾಗಿ ಕೇಳಿದಳು, "ಈಗ ಪ್ರವಚನಾನೂ ನಾನೇ ಬರೀಬೇಕಾ?"

"ಅದನ್ನ ನಾನು ಬರ್ಕೋತೀನಿ. ನೀವು ಕಥೆ ಬರೀರಿ. ನೀವು ಹೆಸರು ಹಾಕದೆ ಅಚ್ಚು ಹಾಕಿಸಿದ ಪುಸ್ತಕ ಓದಿದೆ. ಅದರಲ್ಲಿ ಮೂಗಲ್ಲಿ ಮಾತಾಡೋ ಪಾದ್ರಿ ನಾನೇ ತಾನೆ? ಈ ಸಲನಾದ್ರೂ ಪಾಪ, ಅವನಿಗೊಂದು ಮದುವೆ ಮಾಡ್ಸಿ."

"ನೋಡೋಣ," ಎಂದಳು ಡಾರ್ಕಸ್ ಆಕಳಿಸುತ್ತ. "ಮೊದಲು ನಿದ್ದೆ ಮಾಡ್ತೀನಿ."