ಹದಿನೈದು ಇಂಚಿನ ತುಂಡು

ಬಂಟ್ವಾಳ ಪೇಟೆಯಲ್ಲಿ ಲೋಲಾಕ್ಷಿ ಹೊಲಿದ ರವಿಕೆಯನ್ನು ಯಾರೂ ಎಸೆದದ್ದಿಲ್ಲ. ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೆಂದು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುವವಳು ಅವಳು. ಮದುವೆಯಾಗಿ ದಪ್ಪಗಾದವರೆಲ್ಲ ಅದೇ ರವಿಕೆ ಹಿಡಿದುಕೊಂಡು ಮತ್ತೆ ಬರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಟೇಪು ಕೊರಳಲ್ಲೇ ಇರುವ ಇಂಥವಳಿಗೆ ಎಸ್ಸೆಸ್ಸೆಲ್ಸಿ ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತ್ತು.

ನಲವತ್ತಮೂರನೆಯ ವಯಸ್ಸಿನಲ್ಲಿ ಅದು ಮತ್ತೆ ಎದುರು ಬಂದು ನಿಂತಿತು. ಮೂಡುಬಿದಿರೆಯ ಹೊಲಿಗೆ ತರಬೇತಿ ಕೇಂದ್ರವೊಂದು ಕಲಿಸಲು ಅವಳನ್ನೇ ಕರೆದಿತ್ತು, ಆದರೆ ಹತ್ತನೆಯದು ಪಾಸಾಗಿರಬೇಕು. ಹುಡುಗಿಯರ ಎದುರು ನಿಂತು ಕಲಿಸಬೇಕೆಂಬುದು ಅವಳ ಯಾವ ಕಾಲದ ಆಸೆಯೋ. ನಾಚಿಕೆ ಬದಿಗಿಟ್ಟು ಪರೀಕ್ಷೆಗೆ ಕಟ್ಟಿದಳು. ಪಕ್ಕದ ಮನೆಯ ನಿವೃತ್ತ ಗಣಿತ ಟೀಚರ್ ತ್ರಿಪುರಸುಂದರಿ ಪಾಠ ಹೇಳಲು ಒಪ್ಪಿದರು.

ಮೊದಲ ದಿನವೇ ಹಳೆಯ ರೋಗ ಹೊರಬಿತ್ತು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಎಂದರೆ ಲೋಲಾಕ್ಷಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆದಳು. ಟೀಚರ್ ಬೈಯಲಿಲ್ಲ. ಅರ್ಧ ಮೀಟರ್ ಬಟ್ಟೆಗೆ ಇನ್ನೊಂದು ತುಂಡು ಜೋಡಿಸಿದರೆ ಅದು ಅರ್ಧ ಮೀಟರಿಗಿಂತ ಗಿಡ್ಡವಾಗುತ್ತದೆಯೇ ಎಂದು ಕೇಳಿದರು. ಲೋಲಾಕ್ಷಿಯ ಮುಖ ಕೆಂಪಾಯಿತು. ಹಾಗೆ ಹೊಲಿಯುವ ಅಂಗಡಿಯನ್ನು ಗಿರಾಕಿಗಳು ಒಂದೇ ದಿನದಲ್ಲಿ ಮುಚ್ಚಿಸುತ್ತಾರೆ.

ಅರ್ಧ, ಕಾಲು, ಎಂಟನೇ ಒಂದು ಅವಳಿಗೆ ಬೇಗ ಒಲಿದವು. ಎಲ್ಲವನ್ನೂ ಟೇಪಿನ ಸಣ್ಣ ಗೆರೆಗೆ ಇಳಿಸಿ ಎಣಿಸಿದರಾಯಿತು. ಗೋಳು ಹೊಯ್ದುಕೊಂಡದ್ದು ಮೂರನೇ ಒಂದು. ಇಂಚಿನಲ್ಲಿ ಅದಕ್ಕೆ ಗೆರೆಯೇ ಇಲ್ಲ. ಮೂರು ದಿನ ಅವಳು ಕಂಡಕಂಡವರ ಮೇಲೆ ಸಿಡುಕಿದಳು.

ನಾಲ್ಕನೆಯ ದಿನ ಒಂದು ಅಡಿ ಉದ್ದದ ಅಂಚನ್ನು ಮೂರು ಸಮಪಾಲು ಮಾಡುವ ಕೆಲಸ ಬಂತು. ನಾಲ್ಕು ನಾಲ್ಕು ಇಂಚು. ಕತ್ತರಿ ಅಲ್ಲೇ ನಿಂತಿತು. ಇಂಚಿನಲ್ಲಿ ಇಲ್ಲದ ಗೆರೆ ಅಡಿಯಲ್ಲಿತ್ತು. ಅಡಿಯ ಅರ್ಧ ಆರು, ಮೂರನೇ ಒಂದು ನಾಲ್ಕು, ಒಟ್ಟು ಹನ್ನೆರಡರಲ್ಲಿ ಹತ್ತು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಪಕ್ಕದ ಮನೆಗೆ ಓಡಿದಳು.

"ಟೀಚರ್, ತುಂಡು ಎಷ್ಟು ಉದ್ದದ್ದು ಬೇಕು ಅಂತ ನಾವೇ ನಿಶ್ಚಯ ಮಾಡುವುದಲ್ವಾ? ಎರಡಕ್ಕೂ ಸರಿಯಾಗಿ ಪಾಲಾಗುವಂಥದ್ದು ತೆಗೆದುಕೊಂಡರೆ ಆಯ್ತು."

"ಛೇದ ಸಮ ಮಾಡುವುದು ಅಂದ್ರೆ ಅದೇ ಮಾರಾಯ್ತಿ," ಎಂದರು ಟೀಚರ್. "ಮೂವತ್ತು ವರ್ಷ ಕಲಿಸಿದ್ದೇನೆ, ಇಷ್ಟು ಸಲೀಸಾಗಿ ಹೇಳ್ಲಿಕ್ಕೆ ನನಗೇ ಗೊತ್ತಿರ್ಲಿಲ್ಲ."

ಪರೀಕ್ಷೆಯ ದಿನ ಮಕ್ಕಳ ವಯಸ್ಸಿನವರ ನಡುವೆ ಕುಳಿತಳು. ಒಂದು ಲೆಕ್ಕ ಕೊನೆಗೆ ಬಂದು ನಿಂತದ್ದು ಐದನೇ ಎರಡಕ್ಕೆ ಮೂರನೇ ಒಂದು ಕೂಡಿಸುವಲ್ಲಿ. ಹನ್ನೆರಡು ಇಂಚನ್ನು ಐದು ಪಾಲು ಮಾಡುವುದು ಹೇಗೆ? ಅಡಿ ಇಲ್ಲಿ ನಡೆಯುವುದಿಲ್ಲ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬಟ್ಟೆಯ ಥಾನು ಬಿಚ್ಚಿ ಹದಿನೈದು ಇಂಚಿನ ತುಂಡು ಕತ್ತರಿಸಿದಳು. ಐದನೇ ಎರಡು ಆರಿಂಚು, ಮೂರನೇ ಒಂದು ಐದಿಂಚು. ಹದಿನೈದರಲ್ಲಿ ಹನ್ನೊಂದು ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋದಳು.

ಫಲಿತಾಂಶದ ದಿನ ಗಣಿತದಲ್ಲಿ ಮೂವತ್ತೆಂಟು ಬಂದಿತ್ತು. ಅಂಗಡಿ ಬಾಗಿಲಲ್ಲಿ ನಿಂತು ಅವಳು ಅತ್ತೇಬಿಟ್ಟಳು, ನಕ್ಕಳು, ಸೋಮವಾರ ಮೂಡುಬಿದಿರೆಗೆ ಉಟ್ಟು ಹೊರಡುವ ಸೀರೆಗೆ ಇಸ್ತ್ರಿ ಹಾಕಲು ಕುಳಿತಳು. ಪಾಸಿಗೆ ಮೂವತ್ತೈದು ಸಾಕಿತ್ತಲ್ಲ ಎಂದು ಟೀಚರ್ ಕೀಟಲೆ ಮಾಡಿದರು.

"ಮೂರು ಒಳಗೆ ಬಿಟ್ಟಿದ್ದೇನೆ ಟೀಚರ್," ಎಂದಳು ಲೋಲಾಕ್ಷಿ. "ಮುಂದೆ ದೊಡ್ಡದು ಮಾಡ್ಲಿಕ್ಕೆ ಬೇಕಾಗ್ತದೆ."